ಮಾಮಾನ ಇಟ್ಟಂಗಿ ಲೆಕ್ಕ

ನಮ್ಮ ಮಾಮಾ ಬಿಸಿ ರೊಟ್ಟಿ ತಿಂದದ್ದನ್ನು ಕಂಡವರು ಈ ಭೂಮಿಯ ಮೇಲೆ ಯಾರೂ ಇಲ್ಲ!

ಹಾಗೆಂದು ನಮ್ಮ ಅತ್ತಿಯ ಅಡುಗೆಯ ಮೇಲೆ ಅನುಮಾನ ಪಡಬೇಡಿ. ಶಹಾಪುರ ತಾಲೂಕಿನಲ್ಲಿ ಅವಳಷ್ಟು ತೆಳ್ಳಗೆ ಜೋಳದ ರೊಟ್ಟಿ ಬಡಿಯುವವರನ್ನು ನಾನಂತೂ ನೋಡಿಲ್ಲ. ತೊಂದರೆ ಇದ್ದದ್ದು ತಿನ್ನುವವರಲ್ಲಿ. ತಾಟಿಗೆ ಬಿದ್ದ ರೊಟ್ಟಿಯ ಅಗಲವನ್ನು ಮಾಮಾ ಮೊದಲು ಟೇಪು ಹಿಡಿದು ಅಳೆಯುತ್ತಿದ್ದರು. ಆಮೇಲೆ ಎದ್ದು ಅಂಗಳಕ್ಕೆ ಹೋಗಿ, ಅಷ್ಟು ಅಗಲದ ರೊಟ್ಟಿಗೆಂದು ಗೊತ್ತು ಮಾಡಿದ ಜಾಗದಲ್ಲಿ ಒಂದು ಇಟ್ಟಂಗಿ ಇಟ್ಟು ಬರುತ್ತಿದ್ದರು. ರೊಟ್ಟಿಗೊಂದು ಇಟ್ಟಂಗಿ. ಹೀಗೆ ಅಂಗಳದ ತುಂಬ ಸಾಲಾಗಿ ಇಟ್ಟಂಗಿ ಕಂಬಗಳು.

“ತಿನ್ನಾಕ ಕುಂತೀರೋ, ಸರ್ವೇ ಮಾಡಾಕ ಬಂದೀರೋ?” ಎಂದು ಅತ್ತಿ ಒಲೆಯ ಮುಂದಿನಿಂದಲೇ ಕೂಗುವಳು.

“ಗಾಬ್ರಿ ಆಗಬ್ಯಾಡ. ನಿನ್ನ ರೊಟ್ಟಿ ಭಾಳಷ್ಟು ಹತ್ತರಿಂದ ಹನ್ನೊಂದು ಇಂಚಿನ್ಯಾಗ ಅದಾವ.”

“ನಿಮ್ಮ ತಲಿ ಎಷ್ಟು ಇಂಚು ಐತಿ, ಅದನ್ನೂ ಒಮ್ಮಿ ನೋಡ್ರಿ!”

ಮರುದಿನ ಮಾಮಾ ರುಮಾಲು ಬಿಚ್ಚಿಟ್ಟು ತಲೆಗೆ ಟೇಪು ಸುತ್ತಿಕೊಂಡು ನಿಂತದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ಇದು ನಮ್ಮ ಕಡೆ ಕಾಲುವೆ ಬಂದ ಹೊಸತರ ಮಾತು. ಭೀಮರಾಯನಗುಡಿ ಕ್ಯಾಂಪಿನಲ್ಲಿ ಮಾಮಾನ ನೌಕರಿ. ಕಾಲುವೆಯ ಅಳತೆಗಲ್ಲು ನೋಡಿ ನೀರಿನ ಮಟ್ಟ ಬರೆಯುವುದು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ನಡುವಿನ ಹೊತ್ತು? ಅಲ್ಲೇ ನೋಡಿ ಆಪತ್ತು ಇದ್ದದ್ದು! ನೀರು ಅಳೆದ ಕೈಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ.

ಒಮ್ಮೆ ಅತ್ತಿ ಬೋನಾಳ ಕೆರೆಯ ಹಕ್ಕಿ ನೋಡಬೇಕೆಂದು ಆಸೆಪಟ್ಟಳು. ಮಾಮಾ ಕರೆದುಕೊಂಡೂ ಹೋದರು. ಸಂಜೆ ಬಂದವಳ ಮುಖ ನೋಡಬೇಕಿತ್ತು!

“ಹಕ್ಕಿ ಹ್ಯಾಂಗಿದ್ದುವು ಅತ್ತಿ?” ಎಂದೆ.

“ನಾ ಎಲ್ಲಿ ನೋಡ್ಲೋ ತಮ್ಮಾ! ಯಾವ ಹಕ್ಕಿ ಎಷ್ಟೊತ್ತು ಒಂಟಿಗಾಲ ಮ್ಯಾಲ ನಿಂದರ್ತದ ಅಂತ ಎಣಿಸಾಕ ಹತ್ತಿದ್ರು. ನನ್ನ ಕೈಯಾಗ ಗಡಿಯಾರ ಕೊಟ್ಟಿದ್ರು. ದಿನ ಪೂರಾ ಮುಳ್ಳು ನೋಡಿ ಬಂದೀನಿ.”

ಆ ಹಕ್ಕಿಗಳದ್ದೂ ಅಂಗಳದಲ್ಲಿ ಐದು ಕಂಬ ಎದ್ದವು. ಇಟ್ಟಂಗಿ ಒದಗಿಸುತ್ತಿದ್ದವನು ನಾನೇ. ಏಕೆಂದರೆ ನಾನು ಗೌಂಡಿ, ಕಲ್ಲು ಇಟ್ಟಂಗಿ ಕಟ್ಟುವವನು. ಮಾಮಾನೇ ಕೈಹಿಡಿದು ಸಾಲೆಗೆ ಸೇರಿಸಿದ್ದರು. ನಾನು ನಾಲ್ಕನೇ ಕ್ಲಾಸಿಗೇ ಬಿಟ್ಟು ಕರಣಿ ಹಿಡಿದೆ. ನಾನು ಕೂಡಿಸಿದ ಕಲ್ಲನ್ನು ಕಾಲುವೆಯ ನೀರು ಇಂದಿಗೂ ಅಲುಗಿಸಿಲ್ಲ. ಬೇಕಾದವರು ಬಂದು ನೋಡಬಹುದು. ಆದರೆ ಮಾಮಾನ ಆ ಕಂಬಗಳನ್ನು ಅಷ್ಟು ವರ್ಷ ಎಡವಿದೆನೇ ಹೊರತು, ಅವು ಏನು ಹೇಳುತ್ತವೆ ಎಂದು ಒಂದು ದಿನವೂ ಕೇಳಿರಲಿಲ್ಲ. ಅದರ ಫಲ ಉಣ್ಣುವ ದಿನ ಬಂತು.

ಹೊಸ ಕಾಲುವೆಯ ಕೆಲಸಕ್ಕೆ ಕೆಲವೇ ಗೌಂಡಿಗಳನ್ನು ಆರಿಸುವುದಿತ್ತು. ಸಿಕ್ಕರೆ ವರ್ಷಗಟ್ಟಲೆ ಕೆಲಸ. ಇಲ್ಲದಿದ್ದರೆ ಊರೂರು ಅಲೆದು ಗೋಡೆ ಕಟ್ಟುವುದು ಇದ್ದೇ ಇತ್ತು. ನಲವತ್ತು ಜನರಿಗೆ ಒಂದು ದಿನದ ಪರೀಕ್ಷೆ: ಕಾಲುವೆಗೆ ಹಾಸುವ ಪರಸಿ ಕಲ್ಲನ್ನು ಯಾರು ಎಷ್ಟು ಕೂಡಿಸುತ್ತಾರೆ? ನಾನು ಐವತ್ನಾಲ್ಕು ಕೂಡಿಸಿದೆ. ಉಳಿದವರದು ಆಗ ನನಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಕ್ಯಾಂಪಿನ ಬೋರ್ಡಿನ ಮೇಲೆ ನೋಡಿದರೆ ಹೆಸರೇ ಇಲ್ಲ! ಐದು ಕಂಬಗಳ ಚಿತ್ರ, ಬುಡದಲ್ಲಿ ಎಡದಿಂದ ಬಲಕ್ಕೆ ಹತ್ತು ಹತ್ತು ಹೆಚ್ಚುವ ಕಲ್ಲಿನ ಲೆಕ್ಕ, ಪ್ರತಿ ಕಂಬದ ತಲೆಯ ಮೇಲೆ ಎಷ್ಟು ಜನ ಎಂಬ ಅಂಕಿ. ಕೆಳಗೆ ಸಾಹೇಬರ ಬರಹ: ಈ ಚಿತ್ರದ ಪ್ರಕಾರ ನೂರಕ್ಕೆ ತೊಂಬತ್ತನೆಯ ಜಾಗದ ಅಂಕಿಗಿಂತ ಮೇಲಿದ್ದವರು ಸೋಮವಾರ ಬೆಳಿಗ್ಗೆ ಹಾಜರಿರಬೇಕು; ಬಾರದವರ ಜಾಗ ಬೇರೆಯವರಿಗೆ.

ನಾನು ನನ್ನ ಕಂಬ ಹುಡುಕಿದೆ. ಐವತ್ತರಿಂದ ಅರವತ್ತು. ಸಿಕ್ಕಿತು. ಎಲ್ಲಕ್ಕಿಂತ ಗಿಡ್ಡದು!

ಗೌಂಡಿಯ ಕಣ್ಣು ಎತ್ತರವನ್ನಲ್ಲದೆ ಇನ್ನೇನು ನೋಡೀತು? ಶಿರವಾಳದ ಗೌಂಡಿಯೊಬ್ಬ ಇಪ್ಪತ್ನಾಲ್ಕು ಕೂಡಿಸಿದ್ದ. ಅವನದು ಎಲ್ಲಕ್ಕಿಂತ ಎತ್ತರದ ಕಂಬ. “ನಮ್ಮದು ನೋಡ್ರೆಪಾ, ಗುಡಿ ಶಿಖರ ಆಗೈತಿ!” ಎಂದು ಇದ್ದವರಿಗೆಲ್ಲ ಚಹಾ ಕುಡಿಸಿದ. ನಾನೂ ಕುಡಿದೆ. ಕುಡಿದು, ಕರಣಿ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು, ಹೋಗಿ ಬರುತ್ತೇನೆಂದು ಹೇಳಲು ಮಾಮಾನ ಮನೆಗೆ ನಡೆದೆ.

“ಸುರಪುರದಾಗ ಗೋಡಿ ಕೆಲಸ ಐತ್ರಿ ಮಾಮಾ. ಹೊಂಟೀನಿ.”

“ಯಾಕಲೇ ಅಳಿಯಾ? ಬೋರ್ಡ್ ನೋಡಿದ್ಯೋ ಇಲ್ಲೋ?”

“ನೋಡೀನ್ರಿ. ನನ್ನ ಕಂಬ ಭಾಳ ಗಿಡ್ಡ ಐತಿ. ಸಾಲಿ ಬಿಟ್ಟವನ ಹಣೇಬರಾ ಇಷ್ಟ.”

ಮಾಮಾ ನಗಲಿಲ್ಲ. ಹಕ್ಕಿಗಳ ಕಂಬಗಳನ್ನೆಲ್ಲ ಕಾಲಿನಿಂದ ಕೆಡವಿದರು. ಒಂಟಿಗಾಲಿನ ಹಕ್ಕಿಗಳ ಲೆಕ್ಕ!

“ಇಟ್ಟಂಗಿ ಒಟ್ಟು. ಬೋರ್ಡಿನ್ಯಾಗ ಹ್ಯಾಂಗ ಇತ್ತೋ ಹಂಗ ಒಟ್ಟು.”

ಒಟ್ಟಿದೆ. ಎಡದಿಂದ ಆರು, ಹದಿನಾಲ್ಕು, ಒಂಬತ್ತು, ಆರು, ಕೊನೆಗೆ ನನ್ನ ಬಡಪಾಯಿ ಐದು.

“ಎತ್ತರ ಅಂದ್ರ ಬರೇ ಗದ್ದಲಲೇ. ಅಲ್ಲಿ ಮಂದಿ ಭಾಳ ಅದಾರ, ಅಷ್ಟ. ಯಾರು ಮುಂದ ಅನ್ನೋದು ಎಡಕಿಂದ ಬಲಕ್ಕ ನಡದ ನೋಡಬೇಕು. ಹಿಂದಿನವರನ್ನ ಬಿಡಬ್ಯಾಡ, ಹೊತಗೊಂಡ ಹೋಗು. ಎಣಿಸು.”

ಆರು. ಆರನ್ನು ಹೊತ್ತುಕೊಂಡು ಹದಿನಾಲ್ಕಕ್ಕೆ ಹೋದರೆ ಇಪ್ಪತ್ತು. ಮುಂದೆ ಇಪ್ಪತ್ತೊಂಬತ್ತು. ಆಮೇಲೆ ಮೂವತ್ತೈದು. ಇದಕ್ಕೆ ಪುಸ್ತಕದಲ್ಲಿ ಸಂಚಿತ ಆವೃತ್ತಿ ಎನ್ನುತ್ತಾರಂತೆ. ಕಲ್ಲು ಹೊತ್ತವನಿಗೆ ಹೊರುವುದು ಹೇಳಿಕೊಡಬೇಕೇ?

“ನೂರಕ್ಕ ತೊಂಬತ್ತಂದ್ರ ಹತ್ತು ಮಂದ್ಯಾಗ ಒಂಬತ್ತು ಮಂದಿ ಹಿಂದ ಉಳಿಯೂ ಜಾಗ. ನಲವತ್ತಕ್ಕ?”

“ಮೂವತ್ತಾರ್ರಿ.”

“ಹೊತ್ತಿದ್ದು ಮೂವತ್ತೈದು. ಇನ್ನೆಷ್ಟು ಬೇಕು?”

“ಒಂದ್ರಿ.” ಆ ಒಂದು ಇದ್ದದ್ದು ನನ್ನ ಗಿಡ್ಡ ಕಂಬದಲ್ಲಿ!

“ಆ ಕಂಬದಾಗ ಐದು ಮಂದಿ. ಐವತ್ತರಿಂದ ಅರವತ್ತು, ಹತ್ತು ಕಲ್ಲಿನ ಅಂತರ. ಐವರಿಗೂ ಸಮಾ ಹಂಚು.”

“ಒಬ್ಬೊಬ್ಬರಿಗಿ ಎರಡ್ರಿ. ನಮಗ ಒಬ್ಬನ ಸಾಕು... ಅಂದ್ರ ಐವತ್ತರ ಮ್ಯಾಲ ಎರಡು. ಐವತ್ತೆರಡು!”

“ನಿಂದೆಷ್ಟು?”

“ಐವತ್ನಾಕ್ರಿ.”

ಒಳಗಿನಿಂದ ಅತ್ತಿ, “ಆತೇನು? ರೊಟ್ಟಿ ಆರಾಕತ್ತಾವ!” ಎಂದು ಕೂಗಿದಳು. “ತಡೀರಿ ಅತ್ತಿ, ಇನ್ನೊಮ್ಮಿ ಎಣಿಸ್ತೀನಿ!” ಎಂದದ್ದು ಮಾಮಾ ಅಲ್ಲ, ನಾನು.

“ಅಯ್ಯ, ಇವನಿಗೂ ಹತ್ತಿತಲ್ಲ!” ಎಂದು ಅತ್ತಿ ಹೊರಗೇ ಬಂದಳು. “ಬೆಳಕಾಗೂದ್ರಾಗ ಬೋರ್ಡ್ ನೋಡಿ ಬಂದು, ಐವತ್ತೆರಡು, ನಮ್ಮ ಹುಡುಗ ಪಾರಾದ ಅಂತ ನನಗಷ್ಟ ಹೇಳಿದ್ರಿ. ಇವನಿಗಿ ಹೇಳೂ ಮುನ್ನ ಇಂವ ಬಸ್ ಹತ್ತಿ ಹೋಗಿದ್ರ ಏನ್ ಮಾಡ್ತಿದ್ರಿ?”

“ಹೇಳದ ಹೋಗೂ ಹುಡುಗ ಅಲ್ಲ ಅಂವ,” ಎಂದರು ಮಾಮಾ, ಇಟ್ಟಂಗಿ ಧೂಳು ಝಾಡಿಸುತ್ತ. “ನಾ ಹೇಳಿದ್ರ ಅದು ನನ್ನ ಲೆಕ್ಕ ಆಗ್ತಿತ್ತು.”

ಸೋಮವಾರ ನಾನು ಕರಣಿ ಸಮೇತ ಹಾಜರಾದೆ. ಶಿರವಾಳದವನೂ ಬಂದಿದ್ದ, ಪಾಪ, ಹೊಸ ಅಂಗಿ ಹಾಕಿಕೊಂಡು. ವಾಪಸು ಹೋಗುವಾಗ ಅವನಿಗೆ ನಾನು ಚಹಾ ಕುಡಿಸಿದೆ.

ಈಗ ಮಾಮಾನಿಗೆ ಕಣ್ಣು ಪೂರ್ತಿ ಕಾಣುವುದಿಲ್ಲ. ಅವರು, ಅತ್ತಿ ಇಬ್ಬರೂ ನಮ್ಮ ಮನೆಯಲ್ಲೇ ಇದ್ದಾರೆ. ರೊಟ್ಟಿಯನ್ನು ಈಗ ಗೇಣಿನಿಂದ ಅಳೆಯುತ್ತಾರೆ. ಅದು ಇನ್ನೂ ಬೇಗ ಆರುತ್ತದೆ. ಮೊನ್ನೆ ಊಟಕ್ಕೆಂದು ಕೈ ತೊಳೆದವರೇ, “ನಮ್ಮ ಓಣಿಯವರ ವಯಸ್ಸಿನ ಕಂಬ ಒಟ್ಟಲೇ” ಎಂದರು. ಹತ್ತು ಹತ್ತು ವರ್ಷಕ್ಕೊಂದು ಕಂಬ, ತಲೆಗೊಂದು ಇಟ್ಟಂಗಿಯಂತೆ ಒಟ್ಟಿ, ಅವರ ಕೈಹಿಡಿದು ಕರೆತಂದೆ. ಮಾಮಾ ಬಲಗಡೆಯಿಂದ ತಡವಲು ಶುರು ಮಾಡಿದರು.

“ಇಲ್ಲಿ ಒಂದ ಐತೆಲ್ಲೋ.”

“ಹೌದ್ರಿ ಮಾಮಾ. ಅದು ನೀವ.”

ಆ ಒಂದು ಇಟ್ಟಂಗಿಯ ಮೇಲೆ ಕೈ ಹಾಗೇ ನಿಂತಿತು. ಜೊತೆಗೆ ಕಾಲುವೆ ಅಳೆದವರು, ಜೊತೆಗೆ ನಕ್ಕವರು, ಯಾರ ಇಟ್ಟಂಗಿಯೂ ಅಲ್ಲಿಲ್ಲ. ನನಗೆ ಒಟ್ಟಬಾರದಿತ್ತು ಅನ್ನಿಸಿತು.

“ಭಾಳ ಗಿಡ್ಡ ಐತಿ,” ಎಂದರು.

“ಎಡಕಿಂದ ಬರ್ರಿ ಮಾಮಾ,” ಎಂದು ಅವರ ಕೈಯನ್ನು ಎತ್ತಿ ಮೊದಲ ಕಂಬದ ಮೇಲಿಟ್ಟೆ. ಅದರ ತುದಿಯ ಇಟ್ಟಂಗಿ ಹದಿನೈದು ದಿನದ ನನ್ನ ಮೊಮ್ಮಗಳದು. “ಯಾರನ್ನೂ ಬಿಡಬ್ಯಾಡ್ರಿ. ಹೊತಗೊಂಡ ಬರ್ರಿ.”

ಮಾಮಾ ಒಂದೊಂದೇ ಇಟ್ಟಂಗಿ ಮುಟ್ಟುತ್ತ, ಕಂಬದಿಂದ ಕಂಬಕ್ಕೆ ಓಣಿಯನ್ನೆಲ್ಲ ಹೊತ್ತುಕೊಂಡು ನಡೆದರು. ಒಲೆಯ ಮುಂದೆ ರೊಟ್ಟಿ ಆರುತ್ತಿತ್ತು. ಅತ್ತಿ ಕೂಗಲಿಲ್ಲ.