ಹಗೇವು ಅಲ್ಲ, ಮನೆ

ಕುರಿಯ ಹಿಂಗಾಲುಗಳು ಸಿದ್ದರಾಯನ ಹೆಗಲ ಮೇಲಿದ್ದವು, ಮುಂಗಾಲುಗಳು ಆಕಾಶದಲ್ಲಿ. ನಡುವಿನ ಹೊಟ್ಟೆ ಮಾಳಿಗೆಯ ಬೆಳಕಿಂಡಿಯಲ್ಲಿ ಬಾಟಲಿಗೆ ಬಿರಡೆ ಹಾಕಿದ ಹಾಗೆ ಸಿಕ್ಕಿಕೊಂಡಿತ್ತು.

"ನೂಕ್ರಿ ಮಾಸ್ತರ್ರ," ಮೇಲಿನಿಂದ ಕುರಿ ಕಾಯುವ ಅಮಸಿದ್ದ ಹೇಳಿದ. "ಉಸರ ಬಿಗಿಹಿಡದು ನೂಕ್ರಿ."

"ನಿನ್ನ ಕುರಿ ನನ್ನ ಮಾಳಿಗಿ ಮ್ಯಾಲ ಯಾಕ ಬಂತೋ?"

"ಅದು ಮಾಳಿಗಿ ಅಂತ ಅದಕ್ಕೇನ ಗೊತ್ರಿ? ಒಣಹುಲ್ಲ ಕಂಡ್ತು, ಬಂತು. ನೆಲಾ ಎಲ್ಲಿ ಮುಗೀತು, ಮನಿ ಎಲ್ಲಿ ಸುರುವಾತು ಅಂತ ನನಗ ತಿಳಿಯೂದಿಲ್ಲ."

ಬೈಗುಳವಾಗಿ ಬಂದ ಆ ಮಾತನ್ನು ಸಿದ್ದರಾಯ ಶಾಲು ಹೊದಿಸಿಕೊಂಡಷ್ಟು ಸಂತೋಷದಿಂದ ತಗೊಂಡ. ಕುರಿಯನ್ನು ಇನ್ನೊಮ್ಮೆ ನೂಕಿದ. ಅದು ಪುಸಕ್ಕನೆ ಮೇಲೆ ಹೋಯಿತು. ಹೋಗುವಾಗ ಅವನ ಇಸ್ತ್ರಿ ಮಾಡಿದ ಅಂಗಿಯ ಮೇಲೆ ನಾಲ್ಕಾರು ಹಿಕ್ಕೆ ಉದುರಿಸಿ ಹೋಯಿತು.

ಅಂಗಿಗೆ ಇಸ್ತ್ರಿ ಮಾಡಿಸಿದ್ದಕ್ಕೆ ಕಾರಣವಿತ್ತು. ಇವತ್ತು ಹನ್ನೆರಡರ ಬಸ್ಸಿಗೆ ದೇವರ ಹಿಪ್ಪರಗಿಯಿಂದ ಹೆಂಡತಿ ಚಂದವ್ವ ಬರುವವಳಿದ್ದಳು. ಈ ಮನೆಯ ಪಾಯ ತೋಡಿದ ದಿನ ತವರಿಗೆ ಹೋದವಳು ನಾಲ್ಕು ತಿಂಗಳಾದ ಮೇಲೆ ಒಂದೇ ಒಂದು ಕಾರ್ಡು ಬರೆದಿದ್ದಳು: 'ಬರತೇನಿ, ಒಮ್ಮೆ ನೋಡತೇನಿ. ಸ್ಲ್ಯಾಬ್ ಇಲ್ಲದಿದ್ದರೆ ಅದೇ ಬಸ್ಸಿಗೆ ತಿರುಗಿ ಹೋಗತೇನಿ.'

ಸ್ಲ್ಯಾಬ್ ಇರಲಿಲ್ಲ. ಸಿಂದಗಿಯ ಹೊಸ ಬಡಾವಣೆಯಲ್ಲಿ ಸ್ಲ್ಯಾಬ್ ಇಲ್ಲದ ಮನೆ ಅದೊಂದೇ. ಉಳಿದವರೆಲ್ಲ ಇಳುಕಲು ಜಾಗವನ್ನು ಕಡಿದು ಸಪಾಟು ಮಾಡಿ, ಸಿಮೆಂಟಿನ ಡಬ್ಬಿ ಕಟ್ಟಿ, ಬೇಸಿಗೆಯಲ್ಲಿ ಅದರೊಳಗೆ ಶೇಂಗಾದಂತೆ ಹುರಿಯುತ್ತಿದ್ದರು. ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನಾದ ಸಿದ್ದರಾಯ ಮಾತ್ರ ಗುದ್ದಲಿ ಹಿಡಿಯುವ ಮುಂಚೆ ಎರಡು ಬೇಸಿಗೆ ಸುಮ್ಮನೆ ನೋಡಿದ. ನಡು ಮಧ್ಯಾಹ್ನ ಅಮಸಿದ್ದನ ಕುರಿಗಳು ಇಳುಕಲಿನ ಬೇವಿನ ಮರದ ಬುಡಕ್ಕೇ ಬಂದು ಗುಂಪಾಗುತ್ತಿದ್ದವು. ಅಲ್ಲೇ ಗರಸು ನೆಲದೊಳಗೆ ಅರ್ಧ ಇಳಿದಂತೆ ಮನೆ ಮಾಡಿದ. ತೋಡಿದಾಗ ಎದ್ದ ಕಲ್ಲೇ ಗೋಡೆಯಾಯಿತು, ಮಣ್ಣೇ ಮಾಳಿಗೆಯಾಯಿತು. ಮರ ಅಂಗಳದಲ್ಲಿ ಹಾಗೇ ಉಳಿಯಿತು. ಗಾಳಿ ಕೆಳಗಿನ ಕಿಟಕಿಯಿಂದ ಬಂದು ಬೆಳಕಿಂಡಿಯಿಂದ ಹೋಗಬೇಕು, ಮಾಳಿಗೆಯ ಮಳೆನೀರು ನೆಲದಡಿಯ ತೊಟ್ಟಿಗೆ ಬೀಳಬೇಕು. ಎಲ್ಲ ಸರಿಯಾಗಿತ್ತು. ಅಗೆಯುವುದಕ್ಕೆ ಗೈಬುಸಾಬನನ್ನು ಕರೆದದ್ದೊಂದು ತಪ್ಪಾಯಿತು.

ಗೈಬುಸಾಬ ನಲವತ್ತು ವರ್ಷದಿಂದ ಹಗೇವು ಬಿಟ್ಟು ಬೇರೇನೂ ತೋಡಿದವನಲ್ಲ. ಹಗೇವು ಅಂದರೆ ಜೋಳ ತುಂಬಿ ಬಾಯಿ ಮುಚ್ಚುವ ನೆಲದೊಳಗಿನ ಕಣಜ. ಅದು ಸರಕಾರ ಲೆವಿ ಎಂದು ರೈತರಿಂದ ಕಡ್ಡಾಯವಾಗಿ ಜೋಳ ಎತ್ತುತ್ತಿದ್ದ ವರ್ಷ. ಹೆಚ್ಚಿಗೆ ಜೋಳ ಬಚ್ಚಿಟ್ಟವರ ಮನೆ ಮುಂದೆ ಜೀಪು ನಿಲ್ಲುತ್ತಿತ್ತು. ಅಂಥ ವರ್ಷದಲ್ಲಿ ಗೈಬುಸಾಬ ಊರ ಹೊರಗೆ ನೆಲ ತೋಡಿದರೆ ಜನ ಏನು ತಿಳಿಯಬೇಕು?

ಅಂಗಿ ಜಾಡಿಸಿಕೊಂಡು ತಿರುಗುವಷ್ಟರಲ್ಲಿ ಬಾಗಿಲಲ್ಲಿ ಪಕ್ಕದ ಮನೆಯ ಗುಂಡವ್ವ ನಿಂತಿದ್ದಳು. ತಲೆಯ ಮೇಲೆ ಒಂದು ಚೀಲ.

"ತಮ್ಮಾ, ಇದೊಂದು ಚೀಲ ಮೂಲ್ಯಾಗ ಇಟ್ಟಬಿಡಪಾ."

"ಯಕ್ಕಾ, ಇದು ಹಗೇವ ಅಲ್ಲ. ಮನಿ."

"ಹೌದಪಾ, ಮನಿ," ಗುಂಡವ್ವ ದನಿ ತಗ್ಗಿಸಿದಳು. "ಯಾರ ಕೇಳಿದ್ರೂ ನಾನೂ ಹಂಗ ಹೇಳತೇನಿ."

"ಅಲ್ಲಿ ನೋಡು, ಕಿಟಕಿ. ಇಲ್ಲಿ ನೋಡು, ಒಲಿ."

ಗುಂಡವ್ವ ಒಲೆ ನೋಡಿದಳು. ಅವಳ ಮುಖ ಅರಳಿತು. "ಎಂಥಾ ಶಾಣ್ಯಾ ಇದ್ದೀಯೋ. ಒಲಿ ಸೈತ ಹಾಕೀಯಲ್ಲ." ಚೀಲ ಇಳಿಸಿಯೇ ಹೋದಳು.

ಹನ್ನೊಂದರೊಳಗೆ ಇನ್ನೂ ಆರು ಮಂದಿ ಬಂದರು. ಮನೆ, ಮನೆ ಎಂದು ಸಿದ್ದರಾಯ ಹೇಳಿದಷ್ಟೂ ಅವನ ಗುಟ್ಟುತನದ ಮೇಲೆ ಅವರಿಗೆ ನಂಬಿಕೆ ಬೆಳೆಯಿತು. ಅವರನ್ನೆಲ್ಲ ಬೈದು ಕಳಿಸಿದ. ಬೈಸಿಕೊಂಡವರಲ್ಲಿ ಒಬ್ಬರು ತಾಲ್ಲೂಕು ಕಚೇರಿಯ ದಾರಿ ಹಿಡಿದಿರಬೇಕು, ಹನ್ನೊಂದೂವರೆಗೆ ಜೀಪು ಬಂತು.

ಇಳಿದವರು ಶಿರಸ್ತೇದಾರರು. ಬಿಸಿಲಿಗೆ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಹಿಂದೆ ಚೂಪು ಕಬ್ಬಿಣದ ಸರಳು ಹಿಡಿದ ಕಚೇರಿಯ ಪಟ್ಟೇವಾಲ. ಅವರ ಹಿಂದೆ ಇಡೀ ಬಡಾವಣೆ.

"ಎಷ್ಟ ಚೀಲ ಅದಾವ್ರಿ ಮಾಸ್ತರ?"

"ಒಂದ ಐತ್ರಿ, ಅದೂ ಗುಂಡವ್ವಂದು. ಇದು ಮನಿರೀ."

"ಎಲ್ಲಾರೂ ಹಂಗ ಅಂತಾರ. ಆದ್ರ ಒಲಿ ಹಾಕಿದವ್ರು ನೀವ ಮೊದಲನೇದವ್ರು."

"ನಾ ಕಟ್ಟಿದ್ದು ಮನಿ. ಸ್ಲ್ಯಾಬ ಹಾಕಿಲ್ಲಂತ ಅದು ತೆಗ್ಗ ಆಗೂದಿಲ್ರಿ. ಜಪ್ತಿ ಮಾಡ್ರಿ, ಕೆಡವ್ರಿ. ಕೇಳಿದ್ರ ಮತ್ತೂ ಮನಿ ಅಂತ ಹೇಳತೇನಿ."

ಗುಂಪಿನಲ್ಲಿದ್ದ ಗೈಬುಸಾಬನನ್ನು ಶಿರಸ್ತೇದಾರರು ಮುಂದೆ ಕರೆದರು. "ನೀ ಏನ ತೋಡಿದಿ, ಖರೇ ಹೇಳು."

ಮುದುಕ ರುಮಾಲು ಸರಿಮಾಡಿಕೊಂಡ. "ಸಾಹೇಬ್ರ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಲ್ಲಾ ಕಡೆ ತೋಡೇನ್ರಿ. ಇಂಥಾದ್ದ ತೋಡಿಲ್ಲ. ಒಂದ ಹನಿ ತೇವ ಇಲ್ಲ, ನುಸಿ ಹೊಗೂದಿಲ್ಲ. ಇನ್ನೂರ ಚೀಲ ಆರಾಮ ಕುಂದರತಾವ."

"ಗೈಬು ಕಾಕಾ, ಮನಿ ಅನ್ನು," ಸಿದ್ದರಾಯ ಅವನ ತೋಳು ಹಿಡಿದ.

"ಹಂಗಂದ್ರ ನನ್ನ ಮರ್ಯಾದಿ ಏನ ಉಳೀತ್ರಿ ಮಾಸ್ತರ?"

ಪಟ್ಟೇವಾಲ ಗೋಡೆಗೆಲ್ಲ ಸರಳು ಚುಚ್ಚಿದ. ನೆಲದ ಹಲಗೆ ಎತ್ತಿ ತೊಟ್ಟಿಗೆ ಇಳಿದ. ಇಳಿದವನು ಮೇಲೆ ಬರಲಿಲ್ಲ.

"ಏನೈತೋ ಒಳಗ?" ಶಿರಸ್ತೇದಾರರು ಬಗ್ಗಿ ಕೇಳಿದರು.

"ಏನೂ ಇಲ್ರಿ."

"ಮತ್ತ ಮ್ಯಾಲ ಬಾ."

"ಸ್ವಲ್ಪ ಹೊತ್ತ ಇರತೇನ್ರಿ ಸಾಹೇಬ್ರ. ತಂಪ ಐತಿ."

ಆಗ ಶಿರಸ್ತೇದಾರರಿಗೂ ಗೊತ್ತಾಯಿತು. ಬೆವರು ಯಾವಾಗಲೋ ಆರಿತ್ತು. ಅವರು ಗೋಡೆಗೆ ಸೇರಿಸಿ ಕಟ್ಟಿದ ಕಲ್ಲಿನ ಕಟ್ಟೆಯ ಮೇಲೆ ಕುಳಿತರು, ಬೂಟು ಕಳಚಿದರು, ಮೇಲಿನ ಎರಡು ಗುಂಡಿ ಬಿಚ್ಚಿದರು, ಗೊರಕೆ ಹೊಡೆದರು. ತಪಾಸಣೆ ಎಲ್ಲಿಯವರೆಗೆ ಬಂತೆಂದು ನೋಡಲು ಇಳಿದ ಒಬ್ಬೊಬ್ಬರೂ ಗೋಡೆಗೊರಗಿ ಅಲ್ಲೇ ಉಳಿದರು. ಗುಂಡವ್ವ ತನ್ನ ಚೀಲಕ್ಕೇ ತಲೆಯಿಟ್ಟಳು. ಜನ ಒತ್ತುತ್ತ, ಸರಿಸುತ್ತ ಬಂದ ಹಾಗೆ, ಸಿದ್ದರಾಯ ಒಮ್ಮೆ ನೋಡುತ್ತಾನೆ, ತಾನೇ ಹೊರಗೆ ಬಿಸಿಲಿನಲ್ಲಿ ನಿಂತಿದ್ದಾನೆ.

ಮೇಲಿನಿಂದ ಒಂದು ದನಿ ಕೇಳಿತು. "ಮನಿ ಎಲ್ಲಿ ಐತ್ರಿ?"

ಚಂದವ್ವ. ಬಸ್ಸಿನ ಧೂಳು ರೆಪ್ಪೆಯ ಮೇಲೆ, ಟ್ರಂಕು ಕಾಲ ಹತ್ತಿರ.

"ನೀ ಅದರ ಮ್ಯಾಲ ನಿಂತಿ," ಅಂದ ಸಿದ್ದರಾಯ.

ಅವಳು ಕಾಲಡಿಯ ಹುಲ್ಲು ನೋಡಿದಳು. ಪಕ್ಕದಲ್ಲಿ ಮೇಯುತ್ತಿದ್ದ ಕುರಿ ನೋಡಿದಳು. ಗಂಡನ ಅಂಗಿಯ ಮೇಲಿನ ಹಿಕ್ಕೆಯ ಗುರುತು ನೋಡಿದಳು. "ನಮ್ಮಣ್ಣ ಬೀರಣ್ಣ ತಿರುಗಿ ಹೋಗೂ ಬಸ್ಸಿನ್ಯಾಗ ಟವಲ್ ಹಾಕಿ ಸೀಟ ಹಿಡದ ಕುಂತಾನ. ಒಂದೂವರಿಗೆ ಬಿಡತಾರಂತ. ನೀರ ಕುಡದ ಹೋಗತೇನಿ."

ಟ್ರಂಕು ಮಾಳಿಗೆಯ ಮೇಲೇ ಬಿಟ್ಟು ಅವಳು ಮೆಟ್ಟಿಲಿಳಿದು ಒಳಗೆ ಹೋದಳು. ಸಿದ್ದರಾಯನಿಗೆ ಹಿಂದೆ ಹೋಗಲು ಜಾಗವಿರಲಿಲ್ಲ.

ಹೊರಗೆ ಬಂದವರು ಶಿರಸ್ತೇದಾರರು, ನಿದ್ದೆ ಮುಗಿಸಿ, ಹೊಸ ಮನುಷ್ಯರಾಗಿ. ಕೈಯಲ್ಲಿ ಒಂದು ಕಾಗದ.

"ಮಾಸ್ತರ, ನಿಮ್ಮ ಮ್ಯಾಲ ಏನೂ ಕೇಸಿಲ್ಲ. ಮಾತೊಂದ ಐತಿ. ನಮ್ಮ ಸ್ಲ್ಯಾಬಿನ ಗೋದಾಮಿನ್ಯಾಗ ಲೆವಿ ಜ್ವಾಳ ಕಾದು, ಬೆವತು, ಎರಡ ತಿಂಗಳಿಗೆ ನುಸಿ ಆತು. ಈ ಜಾಗಾ ನಮಗ ಕೊಡ್ರಿ, ಜ್ವಾಳ ಇಡತೇವಿ. ಬದಲಿಗೆ ಹೊಸ ಕ್ವಾರ್ಟರ್ಸಿನ್ಯಾಗ ಏಳನೇ ನಂಬರ ತೊಗೋರಿ. ಸ್ಲ್ಯಾಬಿನ ಮನಿ. ಬ್ಯಾಸಿಗಿ ಅಂತ ಯಾರೂ ಅಲ್ಲಿ ನಿಂದ್ರವಲ್ರು, ಕೀಲಿಕೈ ಇಲ್ಲೇ ಐತಿ."

ಇದು ಮನಿ ಎನ್ನಲು ಸಿದ್ದರಾಯ ಬಾಯಿ ತೆರೆದ. ಬೆಳಗಿನಿಂದ ನೂರು ಸಲ ಹೇಳಿದ್ದ, ನೂರಾ ಒಂದನೆಯದು ಏನೂ ಭಾರವಲ್ಲ. ಆದರೆ ಕಣ್ಣು ಮಾಳಿಗೆಯ ಮೇಲಿನ ಟ್ರಂಕಿನ ಮೇಲೆ ಬಿತ್ತು. ಅದರ ಹಗ್ಗ ಕೂಡ ಬಿಚ್ಚಿರಲಿಲ್ಲ. ಚಂದವ್ವ ಇಲ್ಲದಿದ್ದರೆ ಈ ಕಲ್ಲು, ಈ ಗಾಳಿ, ಈ ಮರ ಎಲ್ಲ ಸೇರಿಯೂ ಇದು ಹಗೇವೆಂಬ ಗೈಬುಸಾಬನ ಮಾತೇ ನಿಜವಾಗುತ್ತಿತ್ತು. ಅವನು ಕಾಗದವನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ಸಹಿ ಹಾಕಿದ. ಬಿಸಿಲಿಗೆ ಕಾದ ಕಬ್ಬಿಣ ಕೈ ಸುಟ್ಟಿತು.

ಕೀಲಿಕೈ ಹಿಡಿದು, ಜನರ ಕಾಲು ದಾಟುತ್ತ, ಒಳಗೆ ಓಡಿದ. ಚಂದವ್ವ ಕಲ್ಲಿನ ಕಟ್ಟೆಯ ಮೇಲೆ ಕುಳಿತಿದ್ದಳು. ಚಪ್ಪಲಿ ಬಿಟ್ಟಿದ್ದಳು, ಪಾದ ನೆಲಕ್ಕೆ ಅಂಟಿಸಿಟ್ಟಿದ್ದಳು, ತಲೆ ಗೋಡೆಗಿತ್ತು. ಬೆಳಕಿಂಡಿಯ ಬೆಳಕಿನಲ್ಲಿ ಬೇವಿನ ಒಂದು ಎಲೆ ಇಳಿದು ಬಂದು ಅವಳ ಮಡಿಲಲ್ಲಿ ಬಿತ್ತು. ಅವಳು ಅದನ್ನು ಎತ್ತಿ ಹಾಕಲಿಲ್ಲ. ದೂರದಲ್ಲಿ ಬಸ್ಸಿನ ಹಾರ್ನು ಎರಡು ಸಲ ಕೂಗಿತು.

"ತೊಗೋ," ಅಂದ ಸಿದ್ದರಾಯ, ಏದುಸಿರು ಬಿಡುತ್ತ. "ಸ್ಲ್ಯಾಬಿನ ಮನಿ. ನೀ ಗೆದ್ದಿ. ಇದನ್ನ ಜ್ವಾಳಕ್ಕ ಕೊಟ್ಟೇನಿ."

ಚಂದವ್ವ ಕೀಲಿಕೈ ನೋಡಿದಳು. ಆಮೇಲೆ ಬಾಗಿಲಲ್ಲಿ ಬಂದು ನಿಂತ ಶಿರಸ್ತೇದಾರರನ್ನು ನೋಡಿದಳು.

"ಜ್ವಾಳಕ್ಕ ತಂಪ ಬೇಕು. ಮನಷ್ಯಾರಿಗೆ ಬ್ಯಾಡೇನ್ರಿ?"

"ತಂಗೀ, ಮಾಸ್ತರ್ದು ಸಹಿ ಆಗೇತಿ."

"ಸಹಿ ಹಾಕಿದವ್ರು ಹೋಗಿ ಅಲ್ಲಿರ್ಲಿ," ಅಂದಳು ಚಂದವ್ವ. ಗಂಡ ಚಾಚಿದ ಕೈಯನ್ನು ಕೀಲಿಕೈ ಸಮೇತ ಹಿಂದಕ್ಕೆ ಸರಿಸಿದಳು. "ನಾ ಒಲ್ಲೆ."