ಸೊಸೆಯ ಕಾಲಿಗೆ ಒಂದು ಡ್ರಮ್ ಐಸು

ಶಿರಾಳಕೊಪ್ಪದಲ್ಲಿ ಶುಂಠಿ ಮಂಡಿ ಇಟ್ಟವನು ನಾನು. ಸೊಸೆ ಶರಣ್ಯಳನ್ನೂ ಶುಂಠಿ ನೋಡಿದ ಹಾಗೆಯೇ ನೋಡಿದ್ದೆ. ಗಾತ್ರ ಸಣ್ಣದು, ಖಾರ ಜಾಸ್ತಿ, ಎಷ್ಟು ದಿನ ಇಟ್ಟರೂ ಮುದುಡುವ ಮಾಲಲ್ಲ. ಸೊರಬದ ಬೀಗರು, "ಹುಡುಗಿ ಫುಟ್‌ಬಾಲ್ ಆಡ್ತಾಳೆ, ಮದುವೆ ಆದ್ಮೇಲೂ ಬಿಡಲ್ವಂತೆ" ಎಂದು ಮೊದಲೇ ಹೇಳಿಬಿಟ್ಟರು. ಮೂಟೆ ಬಿಚ್ಚಿ ತೋರಿಸುವವರನ್ನು ನಾನು ನಂಬುತ್ತೇನೆ. ಒಪ್ಪಿದೆ.

ಮೊನ್ನೆ ಭಾನುವಾರ ಸೊರಬದಲ್ಲಿ ಜಿಲ್ಲಾ ಮಹಿಳಾ ತಂಡದ ಆಯ್ಕೆಯಿತ್ತು. ಅದಕ್ಕಾಗಿ ಶರಣ್ಯ ಕಾಲೇಜು ಮೈದಾನದಲ್ಲಿ ನಾಯಿ ಅಟ್ಟಿಸಿಕೊಂಡು ಬಂದಂತೆ ಓಡುವುದು, ನಾಲ್ಕು ಹೆಜ್ಜೆ ನಡೆಯುವುದು, ಮತ್ತೆ ಓಡುವುದು. ಶುಕ್ರವಾರ ಸಂಜೆ ಮನೆಗೆ ಬಂದವಳು ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಹತ್ತಿದಳು.

"ನಾಳೆ ಪೂರ್ತಿ ರೆಸ್ಟು ಮಾವ. ಬಾಳೆಹಣ್ಣು, ಹಾಲು, ಹೊಟ್ಟೆತುಂಬ ಊಟ, ಸ್ವಲ್ಪ ಅಡ್ಡಾಟ, ಆಮೇಲೆ ನಿದ್ದೆ. ಕಾಲು ಸುಧಾರಿಸ್ಕೊಂಡ್ರೆ ಭಾನುವಾರ ನಂದೇ."

ನನಗೆ ಸಮಾಧಾನವಾಗಲಿಲ್ಲ. ಬಿಟ್ಟಿ ಸಿಗುವ ನಿದ್ದೆಯಲ್ಲಿ ಏನು ಗುಣವಿದ್ದೀತು? ವಿದೇಶದ ಆಟಗಾರರು ಐಸು ತುಂಬಿದ ತೊಟ್ಟಿಯಲ್ಲಿ ಕೂರುವುದನ್ನು ನಾನು ಮೊಬೈಲಿನಲ್ಲಿ ನೋಡಿದ್ದೆ. ಹಸಿ ಶುಂಠಿಯನ್ನು ದಿಲ್ಲಿಯವರೆಗೆ ಕೊಳೆಯದಂತೆ ಕಳಿಸುವವನಿಗೆ ಎರಡು ಕಾಲು ಕಾಯುವುದು ಯಾವ ಲೆಕ್ಕ! ಸೊಸೆಯ ಕಾಲುಗಳ ಸಮಸ್ತ ಜವಾಬ್ದಾರಿ ಇನ್ನು ನನ್ನದೆಂದು ಪಡಸಾಲೆಯಲ್ಲಿ ನಿಂತು ಸಾರಿದೆ.

"ನಿಮ್ಮ ಮೊಣಕಾಲು ನೋವಿಗೇ ನಿಮ್ಮತ್ರ ಔಷಧಿ ಇಲ್ಲ," ಎಂದಳು ಹೆಂಡತಿ ನೀಲಾಂಬಿಕ.

ಗೂಡ್ಸ್ ಆಟೋದ ಕೆಂಪಪ್ಪನಿಗೆ ಐಸು ತರಲು ಹೇಳಿದೆ. "ಹೊಸದು ಬೇಕಾ ಸಾವ್ಕಾರ್ರೇ, ಒಂದ್ಸಲ ಬಳಸಿದ್ದು ಆಗ್ತದಾ? ಬಳಸಿದ್ದು ಅರ್ಧ ರೇಟು," ಎಂದ. ಐಸನ್ನು ಯಾತಕ್ಕೆ ಬಳಸಿದ್ದರು ಎಂದು ಕೇಳಬೇಕಿತ್ತು. ಅರ್ಧ ರೇಟು ಎಂಬ ಮಾತು ಬಿದ್ದ ಮೇಲೆ ನನ್ನ ಕಿವಿಗೆ ಬೇರೇನೂ ಹೋಗುವುದಿಲ್ಲ.

ಹಿತ್ತಲಿನ ನೀಲಿ ಡ್ರಮ್ಮಿಗೆ ನೀರು, ಐಸು ಸುರಿದು ಮುಗಿಸುವಷ್ಟರಲ್ಲಿ ಓಣಿಯ ಬೆಕ್ಕುಗಳೆಲ್ಲ ಕಾಂಪೌಂಡಿನ ಮೇಲೆ ಸಾಲಾಗಿ ಕೂತಿದ್ದವು. ನೀಲಾಂಬಿಕ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು.

"ಏನ್ರೀ ಇದು?"

"ಐಸು."

"ಐಸಿಗೆ ಬಾಲ ಇರ್ತದೇನ್ರೀ?"

ಬಗ್ಗಿ ನೋಡಿದೆ. ಇತ್ತು. ಮೀನಿನ ಲಾರಿಯಿಂದ ಇಳಿದ ಐಸು! ಮೊಟ್ಟೆ ಹಾಕಿದ ಕೇಕನ್ನೂ ಹೊಸ್ತಿಲು ದಾಟಿಸದ ಮನೆ ನಮ್ಮದು.

"ನಾನಿದ್ರಲ್ಲಿ ಇಳಿಯಲ್ಲ ಮಾವ," ಎಂದಳು ಶರಣ್ಯ, ತಣ್ಣಗೆ.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ತಂದ ಮಾಲು ದಂಡವಾಯಿತೆಂದು ಒಪ್ಪಿಕೊಂಡವರು ನಮ್ಮ ವಂಶದಲ್ಲಿಲ್ಲ. "ಸ್ಯಾಂಪಲ್ ನೋಡಮ್ಮ," ಎಂದು ಪಂಚೆ ಎತ್ತಿ ಕಟ್ಟಿ, ಸ್ಟೂಲು ಹತ್ತಿ ನಾನೇ ಇಳಿದೆ. ಇಳಿದದ್ದು ನೆನಪಿದೆ. ಆಮೇಲೆ ಸೊಂಟದ ಕೆಳಗಿನ ಪ್ರಾಂತ್ಯದಿಂದ ಯಾವ ಸುದ್ದಿಯೂ ಬರಲಿಲ್ಲ. ಮಡಚಿದ ಮೊಣಕಾಲು ಬಿಚ್ಚಲಿಲ್ಲ.

"ನೀಲಾ, ಎತ್ತೇ."

"ನಾ ಮುಟ್ಟಲ್ಲ ರೀ. ಸಂಜೆ ಪೂಜೆ ಆಗಿಲ್ಲ ಇನ್ನೂ."

"ಗಂಡ ಕಣೇ ನಾನು."

"ತೊಳೆದ ಮೇಲೆ ಗಂಡ."

ಮಗ ನಾಗರಾಜ್ ಲೋಡಿನ ಜೊತೆ ಹುಬ್ಬಳ್ಳಿಗೆ ಹೋಗಿದ್ದ. ಕೊನೆಗೆ ಶರಣ್ಯಳೇ ಆ ನೊಂದ ಕಾಲುಗಳನ್ನು ಗೋಡೆಗೆ ಒತ್ತಿ, ಡ್ರಮ್ಮನ್ನು ಬೆನ್ನಿನಿಂದ ದೂಡಿ ಉರುಳಿಸಿ, ನನ್ನನ್ನು ನೀರಿನ ಸಮೇತ ಹಿತ್ತಲಿಗೆ ಸುರಿದಳು. ಬೆಕ್ಕುಗಳು ಎದ್ದು ಬಂದವು.

ಶನಿವಾರ ನನಗೆ ಜ್ವರ; ಮೊಣಕಾಲು ಎರಡೂ ಮುಷ್ಕರ ಹೂಡಿದ್ದವು. ಅವತ್ತೇ ಲಾರಿ ಬಂತು; ನಾಗರಾಜ್ ಇನ್ನೂ ಹುಬ್ಬಳ್ಳಿಯಲ್ಲೇ. ಹಸಿ ಮಾಲು, ಕಾಯಿಸುವಂತಿಲ್ಲ. ಶರಣ್ಯ ಬೆಳಗಿನಿಂದ ಸಂಜೆಯವರೆಗೆ ಮಂಡಿಯಲ್ಲಿ ನಿಂತು ಚೀಲ ತೂಗಿಸಿ ಲಾರಿ ತುಂಬಿಸಿದಳು. ನಾನು ಕಂಬಳಿ ಹೊದ್ದು ಬಾಳೆಹಣ್ಣು ತಿಂದೆ, ಹಾಲು ಕುಡಿದೆ, ಸ್ವಲ್ಪ ಅಡ್ಡಾಡಿ ಮಲಗಿದೆ. ಬಹಳ ಸುಧಾರಿಸಿತು.

ಭಾನುವಾರ ಆಯ್ಕೆ ಪಂದ್ಯದ ಮೊದಲರ್ಧ ಅವಳು ಚೆನ್ನಾಗಿಯೇ ಓಡಿದಳು. ಆಮೇಲೆ ಮೀನಖಂಡ ಹಿಡಿದುಕೊಂಡು ಮೈದಾನದಲ್ಲೇ ಕೂತುಬಿಟ್ಟಳು. ಕೋಚ್ ಶ್ರೀಲತಾ ಮೇಡಂ ಓಡಿ ಬಂದರು.

"ನಿನ್ನೆ ರೆಸ್ಟ್ ಮಾಡು ಅಂದಿದ್ನಲ್ಲೇ, ಮಾಡ್ಲಿಲ್ವಾ?"

ಗೆರೆಯಾಚೆ ಮಂಕಿ ಟೋಪಿ ಹಾಕಿಕೊಂಡು ನಿಂತಿದ್ದ ನನ್ನತ್ತ ಶರಣ್ಯ ಒಮ್ಮೆ ನೋಡಿದಳು.

"ಮನೇಲಿ ಒಬ್ರಿಗೆ ಆಗೋಷ್ಟೇ ಇತ್ತು ಮೇಡಂ. ಮಾವ ಮಾಡಿದ್ರು."

ತಂಡದಲ್ಲಿ ಅವಳ ಹೆಸರು ಬರಲಿಲ್ಲ. ಮುಂದಿನ ತಿಂಗಳು ಶಿವಮೊಗ್ಗದಲ್ಲಿ ಇನ್ನೊಮ್ಮೆ ನೋಡುತ್ತಾರಂತೆ. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಶಿರಾಳಕೊಪ್ಪ ಬಂದರೂ ಎಬ್ಬಿಸಲು ಧೈರ್ಯವಾಗಲಿಲ್ಲ. ಮುಂದಿನ ಊರು ಶಿಕಾರಿಪುರದವರೆಗೆ ಟಿಕೆಟ್ ಮಾಡಿಸಿದೆ.

ಅಷ್ಟರಿಂದ ಬಾಕಿ ತೀರುವುದಿಲ್ಲ. ಶರಣ್ಯಳಿಗೆ ನಾನು ಒಂದು ಇಡೀ ದಿನದ ವಿಶ್ರಾಂತಿ ಕೊಡಬೇಕು.