ಜಲಕನ್ಯೆಗೆ ಹೂ ಕೇಳಿದ ನಮ್ಮಕ್ಕ

ನಮ್ಮಕ್ಕನಿಗೆ ಹುಚ್ಚು ಅಂತ ತೀರ್ಥಹಳ್ಳಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೇಳುವುದಕ್ಕೆ ಏನು ಉಳಿದಿತ್ತು? ಅವಳು ಜಗಲಿಯ ಕಂಬದ ಜೊತೆ ಮಾತಾಡುವುದು ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತಲ್ಲ!

"ಕಂಬವೇ, ಅನ್ನ ಆಗಿದೆ. ಉಣ್ಣೋರು ಉಣ್ಬಹುದು."

"ಕಂಬವೇ, ಹಾಲಿನವನು ಬಂದ. ಪಾತ್ರೆ ಯಾರಾದ್ರೂ ತೊಳ್ದಿದಾರೋ ಕೇಳು."

ಮರದ ಕಂಬ. ಆದರೂ ನಮ್ಮ ಭಾವನಿಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತಿತ್ತು.

ಈ ಕಂಬದ ಕಥೆ ಮೊದಲೇ ಹೇಳಿಬಿಡುತ್ತೇನೆ. ಅಕ್ಕನಿಗೆ ಮಕ್ಕಳಾಗಲಿಲ್ಲ ಅಂತ ಭಾವ ಹೊಸನಗರದಿಂದ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದರು. ಅವಳಿಗೂ ಆಗಲಿಲ್ಲ. ದೋಷ ಯಾರದ್ದು ಅಂತ ಆಗಲಾದರೂ ಹೊಳೆಯಬೇಡವೇ? ಹೊಳೆಯಲಿಲ್ಲ. ಮೂರನೆಯವಳನ್ನು ಹುಡುಕುವಷ್ಟರಲ್ಲಿ ಮಂಡಿನೋವು ಶುರುವಾಯಿತು, ಯಾರದೋ ಮನೆಯ ಹೆಣ್ಣು ಬಚಾವಾಯಿತು. ಎರಡನೆಯವಳು, ಅಂದರೆ ನಮ್ಮ ಚಿಕ್ಕವಳು, ಹೊಸ್ತಿಲು ದಾಟಿದ ದಿನವೇ ಅಕ್ಕ, "ಇವಳ ಹತ್ರ ಮಾತಾಡಿದ್ರೆ ಚೌಡಿ ನನ್ನ ನಾಲಿಗೆ ಕೀಳ್ಲಿ" ಅಂತ ಊರ ದೇವಿಯ ಆಣೆ ಹಾಕಿಬಿಟ್ಟಳು. ಆಣೆ ಹಾಕುವುದು ಸುಲಭ. ಮನೆ ಒಂದೇ, ಒಲೆ ಒಂದೇ, ಉಪ್ಪಿನ ಡಬ್ಬಿಯೂ ಒಂದೇ! ಮಾತು ಸಾಗುವುದು ಹೇಗೆ? ಹಾಗೆ ನಡುವೆ ಕಂಬ ಬಂತು. ಚಿಕ್ಕವಳೂ ಕಲಿತುಬಿಟ್ಟಳು. "ಕಂಬವೇ, ಸಾರಿಗೆ ಉಪ್ಪು ಜಾಸ್ತಿ ಆಗಿದೆ ಅಂತ ಅಕ್ಕಂಗೆ ಹೇಳು" ಎನ್ನುವಳು. ಕಂಬ ಹೇಳುವ ಮೊದಲೇ ಅಕ್ಕನಿಗೆ ಸಿಟ್ಟು ಬಂದಿರುತ್ತಿತ್ತು.

ಭಾವ ಬದುಕಿನಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವೆಂದರೆ ಸಾಗರದಿಂದ ಬಸ್ಸಿನ ಟಾಪಿನ ಮೇಲೆ ಟೀವಿ ತಂದಿದ್ದು. ಎರಡನೆಯ ಒಳ್ಳೆಯ ಕೆಲಸ, ಅದನ್ನು ಕೂಡಿಸಿ ಕೊಟ್ಟು ಸತ್ತಿದ್ದು. ಹಾರ ಹಾಕಿದ ಅವರ ಫೋಟೋವನ್ನು ಅಕ್ಕ ಟೀವಿಯ ಮೇಲೆಯೇ ನೇತುಹಾಕಿದಳು. ಕಾರ್ಯಕ್ರಮ ಚೆನ್ನಾಗಿಲ್ಲದಿದ್ದರೆ ಜನ ಅವರ ಮುಖ ನೋಡಬಹುದಿತ್ತು.

ಭಾವನ ವರ್ಷಾಂತಿಕ ಮುಗಿದ ಮೇಲೆ ಚಿಕ್ಕವಳ ಅಣ್ಣ ಹೊಸನಗರದಿಂದ ಬಂದರು. "ಇನ್ನು ಇಲ್ಲಿ ನಿಂಗೆ ಎಂತ ಕೆಲಸ? ಮಾತಾಡ್ಸೋರು ಯಾರಿದಾರೆ? ಮನೆಗೆ ಬಾ" ಅಂದರು. ಸರಿಯಾದ ಮಾತೇ. ಚಿಕ್ಕವಳು ತಲೆ ತಗ್ಗಿಸಿಕೊಂಡು, "ಧಾರಾವಾಹಿ ಮುಗೀಲಿ ಅಣ್ಣಾ. ಮುಗಿದ ದಿನ ಬರ್ತೀನಿ" ಅಂದಳು. ಲೋಕದಲ್ಲಿ ತವರಿಗೆ ಹೋಗದಿರಲು ಹೆಂಗಸರು ಏನೇನೋ ನೆಪ ಹೇಳುತ್ತಾರೆ, ಇದು ಹೊಸದು! ಅಕ್ಕ ಒಳಗೆ ಮಜ್ಜಿಗೆ ಕಡೆಯುತ್ತಿದ್ದಳು. ಕಡಗೋಲಿನ ಸದ್ದು ಒಂದು ಗಳಿಗೆ ನಿಂತಿತು. ಆಮೇಲೆ ಜೋರಾಗಿ ಶುರುವಾಯಿತು.

ಆ ಧಾರಾವಾಹಿಯೋ! ಭಾನುವಾರ ಬೆಳಿಗ್ಗೆ ಬರುತ್ತಿತ್ತು. ಒಬ್ಬ ರಾಜಕುಮಾರ. ಅವನಿಗೆ ಒಬ್ಬಳು ರಾಜಕುಮಾರಿಯ ಜೊತೆ ನಿಶ್ಚಯವಾಗಿದೆ. ಈ ಮಹಾರಾಯ ಬೇಟೆಗೆ ಹೋದವನು ಕೆರೆಯಿಂದ ಎದ್ದು ಬಂದ ಜಲಕನ್ಯೆಯನ್ನು ಕುದುರೆಯ ಮೇಲೆ ಕೂರಿಸಿಕೊಂಡು ಬರುತ್ತಾನೆ. ಅವಳು ಬಂದ ಕೂಡಲೇ ಹಿಂದೆ ಕೆರೆ ಬತ್ತಿಹೋಗುತ್ತದೆ. ಇಷ್ಟೇ. ಉಳಿದದ್ದೆಲ್ಲ ಹೊಗೆ ಮತ್ತು ಅಳು. ಮಾತು ಹಿಂದಿ. ನಮ್ಮ ಬೀದಿಯಲ್ಲಿ ಹಿಂದಿ ಬರುತ್ತದೆ ಎಂದು ಹೇಳಿಕೊಳ್ಳುತ್ತಿದ್ದವರು ಪಕ್ಕದ ಮನೆಯ ಮಾಸ್ತರು ಒಬ್ಬರೇ. ಪಾತ್ರಗಳು ಅರ್ಧ ಗಂಟೆ ಕಿರುಚಾಡಿದರೆ ಅವರು, "ಏನೋ ಮನಸ್ತಾಪ" ಎಂದು ಅರ್ಥ ಹೇಳುತ್ತಿದ್ದರು.

ಬೀದಿ ಎರಡು ಪಕ್ಷವಾಯಿತು. ಮಾಸ್ತರು ರಾಜಕುಮಾರಿ ಪಕ್ಷದ ನಾಯಕರು. ಅಕ್ಕ ಆ ಪಕ್ಷಕ್ಕೆ ಸೇರುತ್ತಾಳೆ ಎಂದು ಊರೇ ಅಂದುಕೊಂಡಿತ್ತು. ಮೊದಲನೆಯವಳ ಸಂಕಟ ಮೊದಲನೆಯವಳಿಗಲ್ಲದೆ ಯಾರಿಗೆ ಗೊತ್ತು? ನಮ್ಮಕ್ಕ ಊರು ಅಂದುಕೊಂಡದ್ದನ್ನು ಯಾವತ್ತು ಮಾಡಿದ್ದಾಳೆ!

"ಮಾಸ್ಟ್ರೇ, ಆ ರಾಜಕುಮಾರಿಗೆ ಎಂತ ಕಡ್ಮೆ ಆಗಿದೆ? ಅರಮನೆ ಇದೆ, ಆನೆ ಇದೆ, ಅಪ್ಪ ಇದಾನೆ. ನೀರಿನವಳಿಗೆ ಯಾರಿದಾರೆ? ವಾಪಸ್ ಹೋಗಾಣ ಅಂದ್ರೆ ಕೆರೇಲಿ ನೀರೇ ಇಲ್ಲ!"

"ಅಲ್ಲಮ್ಮಾ, ನಿಶ್ಚಯ ಆಗಿದ್ದು ರಾಜಕುಮಾರಿ ಜೊತೆ. ಇವಳು ಮಧ್ಯೆ ಬಂದವಳು."

"ಬಂದ್ಲಾ? ತಾನಾಗೇ ಕುದುರೆ ಹತ್ತಿದ್ಲಾ? ಹತ್ತಿಸ್ಕೊಂಡು ಬಂದವನಿಗೆ ಕಿರೀಟ, ಬಂದವಳಿಗೆ ಬೈಗುಳ. ಭೇಷ್ ನ್ಯಾಯ ನಿಮ್ದು!"

ಬಾಗಿಲ ಹಿಂದಿನಿಂದ ಚಿಕ್ಕವಳ ದನಿ ಬರುತ್ತಿತ್ತು. ಅವಳು ರಾಜಕುಮಾರಿ ಪಕ್ಷ! "ಕಂಬವೇ, ಮೊದಲನೆಯವಳ ಹೊಟ್ಟೆ ಉರಿಸಿದವಳಿಗೆ ಯಾವ ಸುಖ? ನೀರಿನವಳು ಎಲ್ಲಿಗಾದ್ರೂ ಹೋಗ್ಲಿ ಅಂತ ಹೇಳು."

"ಕಂಬವೇ, ಎಲ್ಲಿಗೆ ಹೋಗ್ತಾಳೆ ಅಂತ ಕೇಳು!"

ಕಂಬಕ್ಕೆ ಅಷ್ಟು ಕೆಲಸ ಎಂದೂ ಬಿದ್ದಿರಲಿಲ್ಲ. ನನ್ನನ್ನು ಯಾವ ಪಕ್ಷ ಎಂದು ಕೇಳಿದರೆ ನಾನು ಕುದುರೆಯ ಪಕ್ಷ ಎನ್ನುತ್ತಿದ್ದೆ. ಆ ಕಥೆಯಲ್ಲಿ ಮರ್ಯಾದಸ್ಥ ಅಂತ ಇದ್ದದ್ದು ಅದೊಂದೇ. ಅಕ್ಕ ತನ್ನ ಪಕ್ಷದವರಿಗೆ ಸಕ್ಕರೆ ಹಾಕಿದ ಕಾಫಿ, ಎದುರು ಪಕ್ಷಕ್ಕೆ ಸಪ್ಪೆ ಕಾಫಿ ಕೊಡುತ್ತಿದ್ದಳು. ಮಾಸ್ತರು ಆ ವರ್ಷ ತೆಳ್ಳಗಾಗಿ ಆರೋಗ್ಯವಂತರಾದರು. ಕುದುರೆಯ ಪಕ್ಷಕ್ಕೆ ಕಾಫಿಯೇ ಇಲ್ಲ! ಚಿಕ್ಕವಳು ಎದುರು ಪಕ್ಷವಾದರೂ ಅವಳ ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿದಿರುತ್ತಿತ್ತು. ನಾನು ನೋಡಿದ್ದೇನೆ. ಅಕ್ಕನನ್ನು ಕೇಳಿದರೆ, "ಕೈ ತಪ್ತು" ಎನ್ನುತ್ತಿದ್ದಳು. ಪ್ರತಿ ಭಾನುವಾರ ತಪ್ಪುವ ಕೈ!

ಗಾಳಿ ಬಂದರೆ ಚಿತ್ರ ಹೋಗುತ್ತಿತ್ತು, ಪರದೆಯ ತುಂಬಾ ಅಕ್ಕಿ ಜರಡಿ ಹಿಡಿದ ಹಾಗೆ. ಆಗ ಅಂಗಳಕ್ಕೆ ಹೋಗಿ ಆಂಟೆನಾದ ಬಿದಿರು ಗಳ ತಿರುಗಿಸುವ ಕೆಲಸ ಚಿಕ್ಕವಳದು. ಹೊರಗಿನಿಂದ "ಕಂಬವೇ, ಬಂತಾ?" ಎನ್ನುವಳು. ಒಳಗಿನಿಂದ ಅಕ್ಕ, "ಕಂಬವೇ, ಇನ್ನೊಂಚೂರು ಎಡಕ್ಕೆ ಅನ್ನು" ಎನ್ನುವಳು. ಜಲಕನ್ಯೆ ವಿಷ ಕುಡಿದು ಎದ್ದು ಕೂತರೂ ಇವರ ಎಡ ಬಲ ಮುಗಿದಿರುತ್ತಿರಲಿಲ್ಲ.

ಹೀಗಿರುವಾಗ ಮಾಸ್ತರು ಪೇಪರಿನಲ್ಲಿ ಓದಿಕೊಂಡು ಬಂದರು: ಧಾರಾವಾಹಿ ಬರುವ ತಿಂಗಳು ಮುಗಿಯುತ್ತದಂತೆ. ಆ ಮಂಗಳವಾರ ಅಕ್ಕ ತಲೆಗೆ ಸ್ನಾನ ಮಾಡಿ, "ನಡಿಯೇ ತಂಗಿ, ಚೌಡಿ ಹತ್ರ ಹೂ ಕೇಳ್ಬೇಕು" ಎಂದು ನನ್ನನ್ನು ಕರೆದಳು.

ಮದುವೆ, ಕೋರ್ಟು, ಕಳೆದುಹೋದ ದನ, ಏನೇ ಇರಲಿ, ನಮ್ಮ ಕಡೆ ಹೂ ಕೇಳುತ್ತಾರೆ. ಚೌಡಿಯ ತಲೆಯ ಮೇಲೆ ಪೂಜಾರಿ ಅಡಿಕೆ ಸಿಂಗಾರದ ಹೂ ಇಡುತ್ತಾನೆ. ಕೇಳುವುದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಬೇಕು. ಹೂ ಬಲಕ್ಕೆ ಬಿದ್ದರೆ ಆಗಬಹುದು, ಎಡಕ್ಕೆ ಬಿದ್ದರೆ ಬೇಡ. ಜಲಕನ್ಯೆಗಾಗಿ ಹೂ ಕೇಳುತ್ತಾಳಂತೆ ಎಂದು ಸುದ್ದಿ ಹಬ್ಬಿ ಎರಡೂ ಪಕ್ಷದವರು ನಮ್ಮ ಹಿಂದೆಯೇ ಬಂದರು. ದನ ಕಾಯುವುದನ್ನು ಬಿಟ್ಟು ಬಂದವರೂ ಇದ್ದರು.

ಪೂಜಾರಿ ಟೀವಿ ನೋಡಿದವನಲ್ಲ. "ಎಂತ ವಿಷ್ಯ?" ಅಂದ.

ಮಾಸ್ತರು, "ರಾಜಕುಮಾರನ ಮದುವೆ ವಿಷಯ" ಅಂದರು.

"ಹುಡುಗನದು ಯಾವೂರು?"

"ಹಿಂದಿಯವನು."

"ದೂರ ಆಯ್ತಲ್ಲ ಮಾರಾಯ್ರೇ" ಎಂದು ಮರುಗಿ ಹೂ ಇಟ್ಟ.

ಅಕ್ಕ ಕಣ್ಣು ಮುಚ್ಚಿದಳು. ಹೂ ಅಲುಗಲೇ ಇಲ್ಲ. ಅವಳ ಮುಖದಲ್ಲಿ ಬೆವರಿಳಿಯಿತು. ಟೀವಿಯವಳಿಗೆ ಇಷ್ಟು ಬೆವರೇ ಅಂತ ನನಗೆ ನಾಚಿಕೆಯಾಯಿತು. ಕೊನೆಗೆ ಬಲಕ್ಕೆ ಬಿತ್ತು. ಜಲಕನ್ಯೆ ಪಕ್ಷದವರು ಚಪ್ಪಾಳೆ ಹೊಡೆದರು. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಯಾರನ್ನೂ ನೋಡದೆ ಮನೆಗೆ ನಡೆದಳು.

ಕೊನೆಯ ಭಾನುವಾರ ಬಂತು. ಚಿಕ್ಕವಳ ಅಣ್ಣನೂ ಬಂದರು. ಟ್ರಂಕು ಬಾಗಿಲ ಹತ್ತಿರ ಕೂತಿತ್ತು. ಪರದೆಯ ಮೇಲೆ ರಾಜಕುಮಾರ ಏನು ಮಾಡಿದ ಅಂತೀರಿ? ಕಿರೀಟ ತೆಗೆದಿಟ್ಟು, ಇಬ್ಬರಿಗೂ ಕೈ ಮುಗಿದು, ತಪಸ್ಸಿಗೆ ಹೊರಟುಹೋದ! ಬತ್ತಿದ ಕೆರೆಯ ದಂಡೆಯ ಮೇಲೆ ಅವರಿಬ್ಬರೂ ನಿಂತೇ ಇದ್ದರು. ಮುಗಿಯಿತು.

"ಜ್ಞಾನೋದಯ ಆಯ್ತು" ಅಂದರು ಮಾಸ್ತರು.

"ಇಬ್ಬರನ್ನ ತಂದು ನಿಲ್ಸಿ ಜ್ಞಾನಿ ಆದ್ನಂತೆ!" ಅಕ್ಕ ಗೋಡೆಯ ಕಡೆ ಕೈ ತೋರಿಸಿದಳು. "ನಮ್ಮನೆಯವರು ಫೋಟೋ ಆಗ್ಲಿಲ್ವಾ, ಹಂಗೇ."

ಚಿಕ್ಕವಳ ಅಣ್ಣ ಎದ್ದರು. "ಮುಗೀತಲ್ಲ, ಏಳು. ಬಸ್ಸಿಗೆ ಹೊತ್ತಾಯ್ತು."

ಚಿಕ್ಕವಳು ಟ್ರಂಕು ಎತ್ತಿಕೊಂಡಳು. "ಕಂಬವೇ, ಹೋಗ್ಬರ್ತೀನಿ ಅಂತ ಅಕ್ಕಂಗೆ ಹೇಳು. ಉಪ್ಪಿನಕಾಯಿ ಭರಣಿ ಬಾಯಿ ಕಟ್ಟಿಟ್ಟಿದೀನಿ."

"ಕಂಬವೇ..." ಎಂದಳು ಅಕ್ಕ. ನಿಲ್ಲಿಸಿದಳು. ಕಂಬವನ್ನು ಬಿಟ್ಟು ಅವಳ ಕಡೆ ತಿರುಗಿದಳು. "ನೀನು ಎಲ್ಲಿಗೂ ಹೋಗೋದಿಲ್ಲ. ಟ್ರಂಕು ಕೆಳಗಿಡು."

ಅಕ್ಕ ಯಾರ ಜೊತೆ ಮಾತಾಡಿದ್ದು ಅಂತಲೇ ತಿಳಿಯದೆ ಚಿಕ್ಕವಳು ಹಿಂದೆ ತಿರುಗಿ ನೋಡಿದಳು.

ಮಾಸ್ತರು ಗಾಬರಿಯಾದರು. "ಅಮ್ಮಾ, ಆಣೆ! ಚೌಡಿ ಆಣೆ!"

"ಆಣೆ ಬಿಡ್ಲಾ ಅಂತ ಅವತ್ತು ಚೌಡೀನೇ ಕೇಳ್ದೆ. ಬಿಡು ಅಂತ ಹೂ ಕೊಟ್ಟಾಗಿದೆ."

"ಅದು ಜಲಕನ್ಯೆಗೆ ಕೇಳಿದ್ದಲ್ವಾ?"

"ಟೀವಿಯೊಳಗಿನ ಹೆಂಗಸಿಗೆ ಹೂ ಕೇಳೋಕೆ ನಂಗೆಂತ ಹುಚ್ಚಾ ಮಾಸ್ಟ್ರೇ?"

ಚಿಕ್ಕವಳ ಅಣ್ಣ ಸಕ್ಕರೆ ಹಾಕಿದ ಕಾಫಿ ಕುಡಿದು ಒಬ್ಬರೇ ಬಸ್ಸು ಹತ್ತಿದರು. ಜನ ಕರಗಿದರು. ಚಿಕ್ಕವಳಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಹೊರಗೆ ಹೋಗಿ ಗಳ ಹಿಡಿದು ಸುಮ್ಮನೆ ತಿರುಗಿಸತೊಡಗಿದಳು. ಅಭ್ಯಾಸಬಲ, "ಕಂಬವೇ, ಬಂತಾ?" ಅಂದಳು.

ಪರದೆಯ ಮೇಲೆ ಚಿತ್ರವೇನೂ ಇರಲಿಲ್ಲ. ಬರೀ ಅಕ್ಕಿ ಜರಡಿ. ಅಕ್ಕ ಅದರ ಕಡೆ ನೋಡಲೂ ಇಲ್ಲ. ಕಿಟಕಿಯ ಸರಳು ಹಿಡಿದುಕೊಂಡು ಕೂಗಿದಳು:

"ಬಂತು ಕಣೇ. ಬಿಸಿಲಲ್ಲಿ ನಿಲ್ಬೇಡ, ಒಳಗೆ ಬಾ."